ಕಾಶಿಯಲ್ಲಿ ಬಿಟ್ಟ ಅವರೆಕಾಯಿ

ಈವತ್ತು ಬೆಳಿಗ್ಗೆ ತರಕಾರಿಯವಳ ಕೈಲಿ ಬೈಸಿಕೊಂಡೆ. ತಪ್ಪು ನನ್ನದೇ. ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಅವರೆಕಾಯಿ ಎತ್ತಿ, ಹೆಬ್ಬೆರಳಿನಿಂದ ತಿಕ್ಕಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡುಬಿಡುವುದು ನನ್ನ ಅಭ್ಯಾಸ. "ಏನ್ ಸ್ವಾಮಿ, ಮೂಸಕ್ಕೆ ಇದೇನು ಮಲ್ಲಿಗೆ ಮೊಗ್ಗಾ? ತಗೊಳಂಗಿದ್ರೆ ತಗೊಳ್ಳಿ, ಇಲ್ದಿದ್ರೆ ಬುಟ್ಟಿಗೊಂದು ಕೈ ಹಾಕಿ, ಮುಂದಿನ ಬೀದಿಗೆ ಹೋಗ್ಬೇಕು" ಎಂದಳು. ಒಳಗಿನಿಂದ ನನ್ನ ಹೆಂಡತಿ ಜಾನಕಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಎರಡು ವೀಸೆ ತೂಗಿಸಿಕೊಂಡು ಎದ್ದೆ. ತೂಗಿಸಿಕೊಳ್ಳುವಾಗ, ಎದುರುಮನೆಯವರು ನೋಡುತ್ತಿದ್ದಾರೆಯೇ ಎಂದು ಆ ಕಡೆ ಒಮ್ಮೆ ಕಣ್ಣು ಹಾಯಿಸಿದ್ದೂ ನಿಜ. ಅದು ಹಳೆಯ ಭಯ, ಇನ್ನೂ ಪೂರ್ತಿ ಹೋಗಿಲ್ಲ.

ಅವರೆಕಾಯಿ ಕೊಳ್ಳುವುದಕ್ಕೆ ಭಯವೇಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಅವರೆಕಾಯಿಯ ಬಗ್ಗೆಯೇ ನಾಲ್ಕು ಮಾತು ಆಡಿಬಿಡಬೇಕು. ನೀವು ಬೇರೆ ಊರಿನವರಾಗಿದ್ದರೆ ಇಷ್ಟು ಸಣ್ಣ ವಿಷಯಕ್ಕೆ ಈ ಮನುಷ್ಯ ಇಷ್ಟೆಲ್ಲ ಒದ್ದಾಡಿದನೇ ಎಂದುಕೊಳ್ಳುತ್ತೀರಿ.

ಬೆಂಗಳೂರಿನವರಿಗೆ ವರ್ಷದಲ್ಲಿ ಎರಡೇ ಕಾಲ. ಅವರೆಕಾಯಿ ಸಿಕ್ಕುವ ಕಾಲ ಒಂದು, ಅವರೆಕಾಯಿಗೆ ಕಾಯುವ ಕಾಲ ಇನ್ನೊಂದು. ನಾನು ಚಿಕ್ಕವನಿದ್ದಾಗ ನಮ್ಮಪ್ಪ ಚಳಿಗಾಲದ ಶನಿವಾರ ಸಂಜೆ ಗೋಣಿಚೀಲದ ತುಂಬ ಕಾಯಿ ಹೊರಿಸಿಕೊಂಡು ಬರುತ್ತಿದ್ದರು. ನಡುಮನೆಯಲ್ಲಿ ಸುರಿದರೆ ಮೊಣಕಾಲುದ್ದ ಗುಡ್ಡೆ. ಕಾಯಿಯ ಮೈಮೇಲಿನ ಆ ಎಣ್ಣೆಯಂಥ ಜಿಡ್ಡಿನ ವಾಸನೆಗೆ ನಾವು ಸೊಗಡು ಎನ್ನುತ್ತೇವೆ. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎಂಬುದು ನಮ್ಮಪ್ಪನ ಸಿದ್ಧಾಂತ. ಆದ್ದರಿಂದ ಮಂಜು ಹೆಚ್ಚಾಗಿ ನಾವು ಮಕ್ಕಳು ರಾತ್ರಿಯೆಲ್ಲ ಕೆಮ್ಮಿದರೆ ಅವರ ಮುಖದಲ್ಲಿ ಒಂದು ತರಹದ ತೃಪ್ತಿ ಕಾಣುತ್ತಿತ್ತು. ಮನೆಮಂದಿಯೆಲ್ಲ ಸುತ್ತ ಕೂತು ಬಿಡಿಸುವುದು. ಕಾಯೊಳಗಿನಿಂದ ಹಸಿರು ಹುಳ ಹೊರಬಂದರೆ ನನ್ನ ತಂಗಿ ಬೀದಿಗೆ ಕೇಳುವ ಹಾಗೆ ಕಿರುಚುವುದು. ಕಾಳನ್ನು ನೀರಲ್ಲಿ ನೆನೆಹಾಕಿ, ಮಾರನೆಯ ದಿನ ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಛಂಗನೆ ಹಾರುತ್ತದೆ. ಅದೇ ಹಿದುಕಿದ ಬೇಳೆ. ಪಾತ್ರೆಯೊಳಕ್ಕೆ ಹಾರಬೇಕಾದ ಬೇಳೆಯನ್ನು ನಮ್ಮ ತಾತನ ಕನ್ನಡಕಕ್ಕೆ ಹಾರಿಸುವುದರಲ್ಲಿ ನಾನು ಪ್ರವೀಣನಾಗಿದ್ದೆ. ನನಗೆ ಬಂದ ವಿದ್ಯೆಗಳಲ್ಲಿ ಯಾರೂ ಸಂಶಯಪಡದ ವಿದ್ಯೆ ಅದೊಂದೇ.

ಹೀಗೆ ಬೆಳೆದವನು ನಾನು. ಆಮೇಲೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದೆ, ಬಸವನಗುಡಿಯಲ್ಲಿ ಬಾಡಿಗೆಗೆ ಒಂದು ಮನೆ ಹಿಡಿದೆ, ಜಾನಕಿಯನ್ನು ಮದುವೆಯಾದೆ. ಮದುವೆಯ ಜೊತೆಗೆ ಒಬ್ಬ ಷಡ್ಡಕ ಬಂದ.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ, ನಂಜುಂಡಯ್ಯ. ಅವೆನ್ಯೂ ರಸ್ತೆಯಲ್ಲಿ ಕಾಗದದ ಅಂಗಡಿ, ಚಾಮರಾಜಪೇಟೆಯಲ್ಲಿ ಸ್ವಂತ ಮನೆ, ಚಿನ್ನದ ಕಟ್ಟಿನ ಕನ್ನಡಕ, ಕಲ್ಲು ತಿಂದು ಕಲ್ಲು ಅರಗಿಸುವ ಹೊಟ್ಟೆ. ಮನುಷ್ಯ ಒಳ್ಳೆಯವನು. ನನಗೆ ಅವನ ಮೇಲೆ ಸಿಟ್ಟು ಬರುವುದಕ್ಕೆ ಅದೂ ಒಂದು ಕಾರಣ. ಮಾವನವರ ಮನೆಯಲ್ಲಿ ತುಪ್ಪದ ಮಿಳ್ಳೆ ಮೊದಲು ಅವನ ಎಲೆಗೆ ಬಗ್ಗುತ್ತಿತ್ತು. ಹಬ್ಬಕ್ಕೆ ಹೋದರೆ ಮಾವನವರು ಅವನನ್ನು "ನಂಜುಂಡಯ್ಯ ಬಂದ್ರಾ!" ಎಂದು ಬಾಗಿಲಿಗೆ ಬಂದು ಕರೆಯುತ್ತಿದ್ದರು, ನನಗೆ ಒಳಗಿನಿಂದಲೇ "ಬಾಪ್ಪಾ ಶಾಮಣ್ಣ" ಎನ್ನುತ್ತಿದ್ದರು. ಇದನ್ನೆಲ್ಲ ನಾನು ಗಮನಿಸುತ್ತಿರಲಿಲ್ಲ ಎಂದು ಬರೆಯುವ ಆಸೆಯಿದೆ. ಆದರೆ ಅವನ ಎಲೆಗೆ ಬಿದ್ದ ಪ್ರತಿ ತೊಟ್ಟು ತುಪ್ಪವೂ ನನಗೆ ಈಗಲೂ ನೆನಪಿದೆ. ಹೊಟ್ಟೆಕಿಚ್ಚು ಎಂಬ ಮಾತನ್ನು ಕಟ್ಟಿದವರು ಯಾರೋ ತುಂಬ ಅನುಭವಸ್ಥರಿರಬೇಕು. ಅದು ಎದೆಯಲ್ಲಿ ಹುಟ್ಟುವುದಿಲ್ಲ, ತಲೆಯಲ್ಲೂ ಹುಟ್ಟುವುದಿಲ್ಲ, ಸರಿಯಾಗಿ ಹೊಕ್ಕುಳ ಮೇಲೆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಹತ್ತಿಕೊಳ್ಳುತ್ತದೆ.

ಯುದ್ಧ ಮುಗಿದಿತ್ತು, ರೇಷನ್ನು ಮುಗಿದಿರಲಿಲ್ಲ. ನಮ್ಮ ಅತ್ತೆಯವರು ತೀರಿಕೊಂಡಿದ್ದರು. ಮಾವನವರಿಗೆ ಕಾಶಿಗೆ ಹೋಗಿಬರಬೇಕೆಂದು ಮನಸ್ಸಾಯಿತು. ಅವರಿಗೆ ಗಂಡುಮಕ್ಕಳಿಲ್ಲ, ಸಾವಿತ್ರಿ ಮತ್ತು ಜಾನಕಿ ಇಬ್ಬರೇ ಹೆಣ್ಣುಮಕ್ಕಳು. ಅಳಿಯಂದಿರಿಬ್ಬರೂ ಕರೆದುಕೊಂಡು ಹೋಗುವುದೆಂದು ಗೊತ್ತಾಯಿತು. ಕಾರ್ತಿಕ ಮಾಸದಲ್ಲಿ ಹೊರಟೆವು. ರೈಲಿನಲ್ಲಿ ಕಿಟಕಿಯ ಪಕ್ಕ ನಂಜುಂಡಯ್ಯ ಕೂತ. ವ್ಯಾಪಾರದಿಂದ ಅವನಿಗೆ ನಾಲ್ಕು ಮಾತು ಹಿಂದಿ ಬರುತ್ತಿತ್ತು. ಸ್ಟೇಷನ್ನು ಬಂದಾಗಲೆಲ್ಲ ಅವನು "ಪಾನೀ, ಪಾನೀ" ಎಂದು ಕೂಗಿ ಚೆಂಬು ತುಂಬಿಸಿಕೊಂಡು ಬಂದರೆ ಮಾವನವರು ಅವನೇ ಗಂಗೆಯನ್ನು ಇಳಿಸಿಕೊಂಡು ಬಂದ ಹಾಗೆ ನೋಡುತ್ತಿದ್ದರು. ನಾನು ಮೇಲಿನ ಹಲಗೆಯ ಮೇಲೆ ಮಲಗಿ ಗೋಡೆ ನೋಡುತ್ತಿದ್ದೆ.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಒಂದು ತರಕಾರಿಯನ್ನೋ ವಿಶ್ವನಾಥನಿಗೆ ಬಿಟ್ಟುಬರುವ ಪದ್ಧತಿ ನಿಮಗೆ ಗೊತ್ತಿರಬಹುದು. ಬಿಟ್ಟ ಮೇಲೆ ಬದುಕಿರುವ ತನಕ ಅದನ್ನು ಮುಟ್ಟುವ ಹಾಗಿಲ್ಲ. ನಮ್ಮ ಹಿರಿಯರು ಜಾಣರು, ಪ್ರಿಯವಾದದ್ದು ಎಂಬ ಮಾತನ್ನು ಸ್ವಲ್ಪ ಸಡಿಲವಾಗಿ ಹಿಡಿಯುತ್ತಿದ್ದರು. ಕಾಶಿಗೆ ಹೋಗಿಬಂದವರ ಮನೆಗಳನ್ನೆಲ್ಲ ಸುತ್ತಿ ವಿಚಾರಿಸಿ ನೋಡಿ, ಅರ್ಧಕ್ಕರ್ಧ ಜನ ಬಿಟ್ಟಿರುವುದು ಬೇಲದ ಹಣ್ಣು. ನಾನೂ ರೈಲಿನಲ್ಲಿ ಗೋಡೆ ನೋಡುತ್ತಲೇ ನನ್ನ ಪಾಲಿನದನ್ನು ಗೊತ್ತುಮಾಡಿಕೊಂಡಿದ್ದೆ. ಪಡವಲಕಾಯಿ. ಅದನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ಗಂಗೆಯಲ್ಲಿ ಮುಳುಗೆದ್ದು ಒದ್ದೆ ಪಂಚೆಯಲ್ಲಿ ಗಡಗಡ ನಡುಗುತ್ತ ಮೂವರೂ ಸಾಲಾಗಿ ನಿಂತೆವು. ಪುರೋಹಿತರು ನಮ್ಮ ಕಡೆಯವರೇ, ಅಲ್ಲಿ ನೆಲೆಸಿ ಎಷ್ಟೋ ತಲೆಮಾರಾದವರು. ಮೊದಲು ಮಾವನವರು ಬದನೆಕಾಯಿ ಬಿಟ್ಟರು. ಅದನ್ನು ಡಾಕ್ಟರು ಆಗಲೇ ಬಿಡಿಸಿದ್ದರು. ಆಮೇಲೆ ನಂಜುಂಡಯ್ಯ ಕಣ್ಣು ಮುಚ್ಚಿ, ಕೈಯಲ್ಲಿ ನೀರು ಹಿಡಿದು, ಎದೆಯೊಳಗಿನಿಂದ ಕಿತ್ತುಕೊಡುವವನಂತೆ ನಿಟ್ಟುಸಿರು ಬಿಟ್ಟು "ಹಾಗಲಕಾಯಿ" ಎಂದ. ಹಾಗಲಕಾಯಿ! ಎಲೆಯ ಮೇಲೆ ಹಾಗಲಕಾಯಿ ಕಂಡರೆ ಎಲೆಯನ್ನೇ ಪಕ್ಕಕ್ಕೆ ಸರಿಸುವ ಮನುಷ್ಯ! ನನಗೆ ಗೊತ್ತು, ಮಾವನವರಿಗೂ ಗೊತ್ತು. ಆದರೂ ಮಾವನವರು ಅವನ ಹೆಗಲ ಮೇಲೆ ಕೈಯಿಟ್ಟು "ಸಂತೋಷ ನಂಜುಂಡಯ್ಯ, ಬಹಳ ಸಂತೋಷ" ಎಂದರು.

ಆ ಕೈ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಒದ್ದೆ ಪಂಚೆ ಮೈಮೇಲೆಯೇ ಒಣಗಿರಬೇಕು. ಪುರೋಹಿತರು "ನೀವೇನು ಬಿಡ್ತೀರಿ?" ಎಂದು ಕೇಳಿದ್ದೇ ತಡ, ಪಡವಲಕಾಯಿ ಎಲ್ಲಿ ಹೋಯಿತೋ, "ಅವರೆಕಾಯಿ" ಎಂದುಬಿಟ್ಟೆ.

ಪುರೋಹಿತರು ಮಂತ್ರ ನಿಲ್ಲಿಸಿದರು. "ನೀವು ಬೆಂಗಳೂರಿನೋರು ಅಂದ್ರಲ್ವೇ?"

"ಹೌದು."

"ಇನ್ನೊಂದು ಸಲ ಯೋಚನೆ ಮಾಡಿ. ಅವಸರವೇನಿಲ್ಲ."

"ಯೋಚನೆ ಮಾಡೇ ಹೇಳಿದ್ದು" ಎಂದೆ.

ಮಾವನವರ ಕಣ್ಣು ಒದ್ದೆಯಾದದ್ದನ್ನು ನಾನು ಕಂಡೆ. "ಶಾಮಣ್ಣ, ಅವರೆಕಾಯೇ!" ಎಂದರು. ಅದಕ್ಕಿಂತ ಮುಖ್ಯವಾಗಿ, ನಂಜುಂಡಯ್ಯನ ಮುಖ ಸಣ್ಣಗಾದದ್ದನ್ನು ಕಂಡೆ. ಅಂಥ ಸುಖವನ್ನು ನಾನು ಅದುವರೆಗೂ ಕಂಡಿರಲಿಲ್ಲ. ವಾಪಸು ಬರುವಾಗ ಕಿಟಕಿಯ ಪಕ್ಕ ಕೂತವನು ನಾನು. ಸ್ಟೇಷನ್ನುಗಳಲ್ಲಿ ಅವನು ನೀರಿಗೆ ಓಡಿದರೆ, ಓಡಲಿ ಪಾಪ ಎಂದುಕೊಂಡೆ.

ಸುಖ ಬೆಂಗಳೂರು ಸ್ಟೇಷನ್ನಿನ ತನಕ ಇತ್ತು. ಜಟಕಾ ಹತ್ತಿ ಬೆಳಗಿನ ಮಂಜಿನಲ್ಲಿ ಬಸವನಗುಡಿಗೆ ತಿರುಗಿಕೊಂಡಾಗ ಗಾಂಧಿ ಬಜಾರಿನ ಹತ್ತಿರ ಗಾಡಿಯಿಂದ ಚೀಲ ಇಳಿಸುತ್ತಿದ್ದರು. ಆ ವರ್ಷದ ಮೊದಲ ಅವರೆಕಾಯಿ. ವಾಸನೆ ಬಂದು ಜಟಕಾದೊಳಗೆ ನನ್ನ ಪಕ್ಕದಲ್ಲೇ ಕೂತಿತು. ನಾನು ಏನು ಮಾಡಿಕೊಂಡು ಬಂದಿದ್ದೇನೆ ಎಂಬುದು ಆಗ ಗೊತ್ತಾಯಿತು.

ಜಾನಕಿಗೆ ಹೇಳಿದೆ. ಗಂಗೆಯ ತಂಬಿಗೆಯನ್ನು ದೇವರ ಮುಂದಿಟ್ಟು ಅವಳು ನನ್ನ ಕಡೆ ತಿರುಗಿದಳು.

"ಅವರೆಕಾಯಾ? ಯಾರ್ರೀ ಕೇಳಿದ್ರು ನಿಮ್ಮನ್ನ?"

"ಪುರೋಹಿತರು ಕೇಳಿದ್ರು."

"ಅವರು ಅವರೆಕಾಯಿ ಬಿಡಿ ಅಂದ್ರಾ?"

ನಾನು ಸ್ನಾನಕ್ಕೆ ಹೋದೆ.

ಆ ಚಳಿಗಾಲದಿಂದ ನಮ್ಮ ಮನೆಯಲ್ಲಿ ಎರಡು ಅಡಿಗೆ. ಮಕ್ಕಳಿಗೆ ಅವರೆಕಾಳಿನ ಉಪ್ಪಿಟ್ಟು, ಅವರೆಕಾಳಿನ ಹುಳಿ, ಅವರೆಕಾಳು ಹಾಕಿ ತಟ್ಟಿದ ರೊಟ್ಟಿ. ನನಗೆ ಬೇರೆ ಏನಾದರೂ. ಆ ಬೇರೆ ಏನಾದರೂ ಎಂಬುದು ವಾರದಲ್ಲಿ ಮೂರು ದಿನ ಪಡವಲಕಾಯಿಯೇ ಆಗಿರುತ್ತಿತ್ತು. ನಾನು ಬಿಡಬೇಕೆಂದಿದ್ದನ್ನೇ ದೇವರು ನನ್ನ ತಟ್ಟೆಗೆ ಕಟ್ಟಿದ್ದ. ಬೆಳಿಗ್ಗೆ ವಾಕಿಂಗಿಗೆ ಹೊರಟರೆ ಪ್ರತಿ ಮನೆಯ ಅಡಿಗೆಮನೆಯ ಕಿಟಕಿಯಿಂದಲೂ ಒಗ್ಗರಣೆಯ ಹೊಗೆ ಬರುತ್ತಿತ್ತು. ಮೂಗಿಗೆ ಮಫ್ಲರು ಸುತ್ತಿಕೊಂಡು ನಡೆಯುತ್ತಿದ್ದೆ. ಶಾಮಣ್ಣನವರಿಗೆ ಚಳಿ ತಡೆಯುವುದಿಲ್ಲ ಎಂದು ಜನ ತಿಳಿದಿದ್ದರು. ಕಚೇರಿಯಲ್ಲಿ ಪಕ್ಕದ ಮೇಜಿನವನು ಊಟದ ಡಬ್ಬಿಯ ಮುಚ್ಚಳ ತೆಗೆದರೆ ಇವತ್ತು ಅವನ ಫೈಲಿನಲ್ಲಿ ಏನು ತಪ್ಪಿದೆ ಎಂದು ಹುಡುಕುತ್ತಿದ್ದೆ. ಮಕ್ಕಳ ಮೇಲೆ ಹೊಟ್ಟೆಕಿಚ್ಚು, ನೆಂಟರ ಮೇಲೆ ಹೊಟ್ಟೆಕಿಚ್ಚು. ಬೆಳಿಗ್ಗೆ ಹಾಲು ಕರೆಯುವುದಕ್ಕೆ ಮನೆಬಾಗಿಲಿಗೆ ಹಸು ಹೊಡೆದುಕೊಂಡು ಬರುವ ಕಾಲ ಅದು. ಹಿದುಕಿದ ಸಿಪ್ಪೆಯನ್ನೆಲ್ಲ ಜಾನಕಿ ಆ ಹಸುವಿನ ಮುಂದೆ ಸುರಿಯುತ್ತಿದ್ದಳು. ಅದು ಕಣ್ಣು ಅರೆಮುಚ್ಚಿ, ಬಾಯಿ ಓರೆ ಮಾಡಿಕೊಂಡು ಅಗಿಯುವುದನ್ನು ನೋಡುತ್ತ ನಾನು ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದೆ. ಗೋವಿನ ಮೇಲೆ ಕರುಬಿದ ಬ್ರಾಹ್ಮಣನಿಗೆ ಯಾವ ನರಕ ಎಂದು ಗರುಡಪುರಾಣದಲ್ಲಿ ಹೇಳಿದೆಯೋ ಇಲ್ಲವೋ ಕಾಣೆ.

ಇವೆಲ್ಲಕ್ಕೂ ಕಿರೀಟವಿಟ್ಟ ಹಾಗೆ ಪ್ರತಿ ವರ್ಷ ಪುಷ್ಯ ಮಾಸದಲ್ಲಿ ಒಂದು ಭಾನುವಾರ ನಂಜುಂಡಯ್ಯನ ಮನೆಯಲ್ಲಿ ಹಿದುಕಿದ ಬೇಳೆಯ ಊಟ. ಮಾವನವರಿಗೆ ಪ್ರಿಯ ಎಂದು ಅವನು ಇಟ್ಟುಕೊಂಡ ಪದ್ಧತಿ. ಹೋಗದಿದ್ದರೆ ಹೊಟ್ಟೆಕಿಚ್ಚಿನವನು ಎನ್ನುತ್ತಾರೆ, ಹೋದರೆ ಹೊಟ್ಟೆಯಲ್ಲಿ ಕಿಚ್ಚು. ಹೋಗುತ್ತಿದ್ದೆ. ನಂಜುಂಡಯ್ಯ ನನ್ನ ಪಕ್ಕದ ಎಲೆಗೇ ಕೂರುತ್ತಿದ್ದ. ಹುಳಿಯನ್ನು ಅನ್ನದ ಮೇಲೆ ಸುರಿಸಿಕೊಂಡು, ಕಲಸಿ, ಸೊರ್ ಎಂದು ಎಳೆದು, "ಶಾಮಣ್ಣ, ನಿಮ್ಮಂಥೋರ ಪಕ್ಕದಲ್ಲಿ ಕೂತು ತಿನ್ನಕ್ಕೆ ನನಗೇ ನಾಚಿಕೆ ಆಗುತ್ತೆ ನೋಡಿ" ಎನ್ನುತ್ತಿದ್ದ. ಹಾಗೆನ್ನುತ್ತಲೇ ಇನ್ನೊಂದು ಸೌಟಿಗೆ ಅನ್ನದಲ್ಲಿ ಗುಳಿ ಮಾಡಿಕೊಳ್ಳುತ್ತಿದ್ದ. ನಾನು ಮುಗುಳ್ನಗುತ್ತಿದ್ದೆ. ತ್ಯಾಗಿಗಳು ನಗುವ ಹಾಗೆ.

ಇಷ್ಟು ಕಷ್ಟವಿದ್ದರೆ ಬಿಟ್ಟದ್ದನ್ನು ಮತ್ತೆ ಹಿಡಿಯಬಾರದಾಗಿತ್ತೇ ಎನ್ನುತ್ತೀರಿ. ಅದು ಅಷ್ಟು ಸುಲಭವಲ್ಲ, ನಾನು ಅಷ್ಟರಲ್ಲಿ ಪ್ರಸಿದ್ಧನಾಗಿಬಿಟ್ಟಿದ್ದೆ. "ಅವರೆಕಾಯಿ ಬಿಟ್ಟ ಶಾಮಣ್ಣನವರು" ಎಂದರೆ ನಮ್ಮ ನಾಲ್ಕು ಬೀದಿಗೂ ಗೊತ್ತು. ಹೊಸಬರಿಗೆ ನನ್ನ ಪರಿಚಯ ಮಾಡಿಕೊಡುವಾಗ ನನ್ನ ಕಚೇರಿ, ಊರು, ಗೋತ್ರ ಎಲ್ಲ ಹಿಂದಕ್ಕೆ ಬಿದ್ದು ಅವರೆಕಾಯಿಯೇ ಮುಂದೆ ಬರುತ್ತಿತ್ತು. ಒಂದು ರಾಮೋತ್ಸವದಲ್ಲಿ ಹರಿಕಥೆ ದಾಸರು ಇಂದ್ರಿಯನಿಗ್ರಹದ ಪ್ರಸ್ತಾಪ ಬಂದಾಗ ಚಿಟಿಕೆ ನಿಲ್ಲಿಸಿ, "ದೂರ ಹೋಗಬೇಡಿ, ಮೂರನೇ ಸಾಲಿನಲ್ಲಿ ಕೂತಿದ್ದಾರೆ ನೋಡಿ" ಎಂದು ನನ್ನ ಕಡೆ ಕೈ ತೋರಿಸಿದರು. ಜನ ತಿರುಗಿ ನೋಡಿದರು. ನನಗೆ ಸಂಕೋಚವಾಯಿತು ಎಂದು ನೀವು ತಿಳಿದರೆ ನನ್ನನ್ನು ನೀವಿನ್ನೂ ಅರ್ಥ ಮಾಡಿಕೊಂಡಿಲ್ಲ. ಶಲ್ಯ ಸರಿಮಾಡಿಕೊಂಡು ನೆಟ್ಟಗೆ ಕೂತೆ. ಆ ಹೆಸರನ್ನು ಕಳೆದುಕೊಳ್ಳುವುದಕ್ಕೆ ನನಗೆ ಇಷ್ಟವಿರಲಿಲ್ಲ. ಅವರೆಕಾಯಿಯೂ ಬೇಕು, ಅವರೆಕಾಯಿ ಬಿಟ್ಟವನೆಂಬ ಹೆಸರೂ ಬೇಕು.

ಎರಡನ್ನೂ ಗಿಟ್ಟಿಸುವ ದಾರಿ ಇದೆಯೇ ಎಂದು ನಮ್ಮ ಮನೆಯ ಪುರೋಹಿತರನ್ನು ಒಮ್ಮೆ ಸೂಕ್ಷ್ಮವಾಗಿ ವಿಚಾರಿಸಿದೆ. ಯಾರೋ ಸ್ನೇಹಿತರ ವಿಷಯ ಎಂಬಂತೆ, ಹಸಿ ಕಾಯಿ ಬಿಟ್ಟವರು ಒಣಗಿದ ಬೇಳೆ ತಿನ್ನಬಹುದೇ ಎಂದೆ. ಅವರು ನಶ್ಯ ಏರಿಸಿ, "ನಿಮ್ಮ ಸ್ನೇಹಿತರಿಗೆ ಹೇಳಿ ಶಾಮಣ್ಣ, ಮಾವಿನಹಣ್ಣು ಬಿಟ್ಟೋರು ಸೀಕರಣೆ ಕುಡಿಯೋ ಹಾಗಿಲ್ಲ" ಎಂದರು. ಸ್ನೇಹಿತರಿಗೆ ಬಹಳ ನಿರಾಶೆಯಾಯಿತು.

ಹೀಗೆ ಏಳೆಂಟು ಚಳಿಗಾಲ ಕಳೆದವು.

ನಮ್ಮ ಮನೆಯಲ್ಲಿ ನನ್ನ ಸೋದರತ್ತೆ ಇದ್ದರು, ನಮ್ಮಪ್ಪನ ಅಕ್ಕ. ಲಂಗ ಉಡುವ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ಒಪ್ಪೊತ್ತಿನ ಊಟದಲ್ಲೇ ಎಪ್ಪತ್ತು ದಾಟಿದವರು. ನಾಲಿಗೆ ಮಾತ್ರ ಹರಿತ. ಒಂದು ಬೆಳಿಗ್ಗೆ ಹಿತ್ತಲಿನ ಬಿಸಿಲಿನಲ್ಲಿ ಅತ್ತೆ, ಮಕ್ಕಳು ಎಲ್ಲ ಕೊಳಗದ ಸುತ್ತ ಕೂತು ಬೇಳೆ ಹಿದುಕುತ್ತಿದ್ದರು. ನಾನು ಟವಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟಿದ್ದೆ. ನನ್ನ ಚಿಕ್ಕ ಮಗಳ ಕೈಯಿಂದ ಒಂದು ಬೇಳೆ ಹಾರಿ ಸರಿಯಾಗಿ ನನ್ನ ಕೆನ್ನೆಗೆ ಬಡಿಯಿತು. ಬೇರೆ ಯಾವ ಮನೆಯ ಅಪ್ಪನಾದರೂ ನಗುತ್ತಿದ್ದ. ನನಗೆ ಎಲ್ಲಿತ್ತೋ ಕೋಪ, "ಈ ಮನೇಲಿ ನನಗೊಬ್ಬನಿಗೆ ನೆಮ್ಮದಿ ಇಲ್ಲ! ಮೂರು ಹೊತ್ತೂ ಇದೇ ವಾಸನೆ! ಎಲ್ಲಾ ತಗೊಂಡ್ಹೋಗಿ ಆ ಹಸುವಿಗೆ ಹಾಕ್ಬಿಡಿ!" ಎಂದು ಕೂಗಾಡಿದೆ. ಮಗಳು ಅಳುವುದಕ್ಕೆ ಶುರುಮಾಡಿದಳು. ಅತ್ತೆ ಮಕ್ಕಳನ್ನೆಲ್ಲ ಒಳಗೆ ಕಳಿಸಿದರು.

"ಶಾಮ, ಬಾ ಇಲ್ಲಿ. ಕೂತ್ಕೋ. ಹಿದುಕು."

ನಾನು ನಿಂತೇ ಇದ್ದೆ.

"ಯಾಕೋ, ಹಿದುಕೋದನ್ನೂ ಕಾಶೀಲಿ ಬಿಟ್ಟು ಬಂದಿದೀಯಾ?"

ಕೂತೆ. ಕಾಳು ಕೈಗೆ ಬಂದ ಕೂಡಲೇ ಬೆರಳು ತಾವಾಗಿಯೇ ಕೆಲಸ ಶುರುಮಾಡಿದವು.

"ನಾನೂ ಹೋಗಿದ್ದೆ ಕಾಶಿಗೆ, ನಿಮ್ಮಪ್ಪ ಕರ್ಕೊಂಡು ಹೋಗಿದ್ದ. ಏನು ಬಿಟ್ಟೆ ಅಂತ ಯಾವತ್ತಾದ್ರೂ ಕೇಳಿದೀಯಾ?"

ಕೇಳಿರಲಿಲ್ಲ. ಅವರಲ್ಲಿ ಬಿಡುವುದಕ್ಕೆ ಏನಾದರೂ ಇದ್ದೀತೆಂದೇ ನನಗೆ ತೋರಿರಲಿಲ್ಲ. "ಏನು ಬಿಟ್ರಿ ಅತ್ತೆ?" ಎಂದೆ.

"ಏನೂ ಬಿಡ್ಲಿಲ್ಲ. ಪುರೋಹಿತ ಕೇಳ್ದ, ಏನಮ್ಮಾ ಬಿಡ್ತೀರಿ ಅಂತ. ನಾನಂದೆ, ಹೂವು ಹೋಯ್ತು, ಕುಂಕುಮ ಹೋಯ್ತು, ಕೂದಲು ಹೋಯ್ತು, ರಾತ್ರಿ ಊಟ ಹೋಯ್ತು. ನಾನು ಬಿಟ್ಟಿದ್ದಲ್ಲ, ಎಲ್ಲಾ ಬಿಡಿಸಿದ್ದು. ನನ್ನನ್ನ ಯಾರೂ ಒಂದು ಮಾತೂ ಕೇಳ್ಲಿಲ್ಲ. ಈಗ ಉಳಿದಿರೋದು ಇಷ್ಟು ನಾಲಿಗೆ ರುಚಿ. ಇದನ್ನ ಮಾತ್ರ ಕೊಡಲ್ಲಪ್ಪಾ ಅಂದೆ. ನಿಮ್ಮಪ್ಪ ನಡುಗಿಹೋದ. ಆ ಪುರೋಹಿತ ಪುಣ್ಯಾತ್ಮ ಕಣೋ, ಆಯ್ತಮ್ಮಾ, ನಿಮ್ಮ ಲೆಕ್ಕ ಆಗ್ಲೇ ಸಂದಿದೆ ಅಂದ."

ಅತ್ತೆ ಒಂದು ಹಿಡಿ ಕಾಳು ನನ್ನ ಕಡೆ ಸರಿಸಿದರು. "ನನಗೆ ಬೇಡ ಅನ್ನೋರು ಊರು ತುಂಬ ಇದ್ರು. ನಿನಗೆ ಬೇಡ ಅಂದೋರು ಯಾರೋ?"

"ವಿಶ್ವನಾಥನಿಗೆ ಮಾತು ಕೊಟ್ಟಿದೀನಲ್ಲ ಅತ್ತೆ."

"ವಿಶ್ವನಾಥನಿಗೆ ಕೊಟ್ಟೋನು ಮಕ್ಕಳ ಬಟ್ಟಲು ನೋಡ್ಕೊಂಡು ಕುದೀತಿರ್ಲಿಲ್ಲ. ನೀನು ಬಿಟ್ಟಿದ್ದು ನಂಜುಂಡಯ್ಯನಿಗೋಸ್ಕರ. ಅವನಿಗೆ ಅದು ಬೇಕಾಗೇ ಇಲ್ಲ, ಅವನು ಅವರೆಕಾಯಿ ತಿಂದ್ಕೊಂಡು ಚೆನ್ನಾಗಿದಾನೆ."

"ತಿಂದ್ರೆ ಪಾಪ ಬರಲ್ವಾ?"

"ಬರಲಿ. ಈ ಹೊಟ್ಟೆಕಿಚ್ಚಿಗೆ ಬರೋ ಪಾಪಕ್ಕಿಂತ ಜಾಸ್ತಿ ಬರಲ್ಲ" ಎಂದು ಅತ್ತೆ ಕೊಳಗವನ್ನು ಎತ್ತಿಕೊಂಡು ಒಳಗೆ ಹೋದರು.

ನಾನು ಬಿಸಿಲಿನಲ್ಲೇ ಕೂತಿದ್ದೆ. ಹೇಳಿದರೆ ನಗಬೇಡಿ, ಆಗ ನನಗೆ ಅತ್ತೆಯ ಮೇಲೂ ಹೊಟ್ಟೆಕಿಚ್ಚಾಯಿತು. ಬದುಕೆಲ್ಲ ಬೇಲಿಯೊಳಗೆ ಕಳೆದ ಆ ಬೋಳುತಲೆಯ ಮುದುಕಿಗೆ ಗಂಗೆಯ ದಡದಲ್ಲಿ ನಿಂತು ಕೊಡಲ್ಲ ಎನ್ನುವ ಸ್ವಾತಂತ್ರ್ಯವಿತ್ತು. ಯಾರ ಹಂಗೂ ಇಲ್ಲದ, ಎರಡು ಕಾಲಲ್ಲಿ ಓಡಾಡುವ ಗಂಡಸಾದ ನನಗೆ ಅದು ಇರಲಿಲ್ಲ. ಅವರ ಬೇಲಿಯನ್ನು ಊರವರು ಹಾಕಿದ್ದರು. ನನ್ನದನ್ನು ನಾನೇ ಗುಣಿ ತೋಡಿ, ಕಂಬ ನೆಟ್ಟು, ಹರಿಕಥೆ ದಾಸರಿಂದ ಉದ್ಘಾಟನೆ ಮಾಡಿಸಿದ್ದೆ. ನಾಚಿಕೆಯೂ ಆಯಿತು. ಆದರೆ ನಾಚಿಕೆಗಿಂತ ಸ್ವಲ್ಪ ಮುಂಚೆ ಬಂದದ್ದು ಹೊಟ್ಟೆಕಿಚ್ಚೇ.

ಅವತ್ತೇ ಒಳಗೆ ಹೋಗಿ ಒಂದು ಬಟ್ಟಲು ತಿನ್ನಬಹುದಾಗಿತ್ತು. ಆದರೆ ಅದು ಕದ್ದು ತಿಂದ ಹಾಗೆ. ಬಿಟ್ಟದ್ದು ಮಾವನವರ ಎದುರಿಗೆ, ನಂಜುಂಡಯ್ಯನ ಎದುರಿಗೆ. ಮತ್ತೆ ಹಿಡಿಯುವುದೂ ಅವರೆದುರಿಗೇ ಆಗಬೇಕು. ಪುಷ್ಯದ ಭಾನುವಾರಕ್ಕೆ ಇನ್ನು ಒಂದೇ ವಾರವಿತ್ತು. ಆ ವಾರವೆಲ್ಲ ನನ್ನ ಕಣ್ಣ ಮುಂದೆ ಇದ್ದದ್ದು ಮಾವನವರ ಮುಖ. ಕಾಶಿಯಲ್ಲಿ ಕಣ್ಣು ಒದ್ದೆ ಮಾಡಿಕೊಂಡ ಆ ಹಿರಿಯರು, ಈಗ ನಾನು ಅವರೆಕಾಯಿಗೆ ಕೈ ಹಾಕಿದರೆ ಏನೆಂದುಕೊಂಡಾರು? ಅಳಿಯಂದಿರಲ್ಲಿ ಒಂದೇ ಒಂದು ವಿಷಯದಲ್ಲಿ ನಾನು ಮೇಲಾಗಿದ್ದೆ. ಅದನ್ನೂ ಕೈಯಾರೆ ಕಳೆದುಕೊಂಡರೆ ಆಮೇಲೆ ನನ್ನ ಹತ್ತಿರ ಉಳಿಯುವುದಾದರೂ ಏನು? ಎರಡು ಸಲ ಜ್ವರವೆಂದು ಮಲಗಿಬಿಡೋಣವೆನ್ನಿಸಿತು.

ಭಾನುವಾರ ಬಂತು. ಚಾಮರಾಜಪೇಟೆಯ ಮನೆಯ ನಡುಮನೆಯಲ್ಲಿ ಬಾಳೆಲೆ ಹಾಕಿದ್ದರು. ಮೊದಲನೆಯ ಎಲೆಗೆ ಮಾವನವರು, ಆಮೇಲೆ ನಂಜುಂಡಯ್ಯ, ಆಮೇಲೆ ನಾನು. ಅತ್ತಿಗೆ ಸಾವಿತ್ರಿ ಬಡಿಸುತ್ತಿದ್ದರು, ಜಾನಕಿ ತುಪ್ಪದ ಮಿಳ್ಳೆ ಹಿಡಿದಿದ್ದಳು. ನನ್ನ ಎಲೆಯಲ್ಲಿ ಆಗಲೇ ಪಡವಲಕಾಯಿಯ ಪಲ್ಯ ಬಂದು ಕೂತಿತ್ತು. ಹಿದುಕಿದ ಬೇಳೆಯ ಹುಳಿಯ ಪಾತ್ರೆ ಹಿಡಿದು ಅತ್ತಿಗೆ ಬಂದರು. ಮಾವನವರಿಗೆ ಬಡಿಸಿದರು, ನಂಜುಂಡಯ್ಯನಿಗೆ ಬಡಿಸಿದರು, ಪ್ರತಿ ವರ್ಷದ ಹಾಗೆ ನನ್ನ ಎಲೆಯನ್ನು ದಾಟಿ ಮುಂದಕ್ಕೆ ಹೆಜ್ಜೆ ಇಟ್ಟರು.

"ಅತ್ತಿಗೆ, ನನಗೂ" ಎಂದೆ.

"ಏನು ಶಾಮಣ್ಣನವರೇ, ತೊವ್ವೆ ಬೇಕಾ?"

"ಅಲ್ಲ. ಅದೇ. ಹಿದುಕಿದ ಬೇಳೆ."

ಸೌಟು ಗಾಳಿಯಲ್ಲಿ ನಿಂತಿತು. ಪಕ್ಕದಲ್ಲಿ ಸೊರ್ ಎನ್ನುವ ಸದ್ದು ನಿಂತಿತು. ನಾನು ನಂಜುಂಡಯ್ಯನ ಕಡೆ ನೋಡಲಿಲ್ಲ, ಮಾವನವರ ಮುಖವನ್ನೇ ನೋಡುತ್ತಿದ್ದೆ. ಅವರು ತಲೆಯೆತ್ತಿದರು.

"ಏನಮ್ಮಾ ಸಾವಿತ್ರಿ, ಶಾಮಣ್ಣನಿಗೆ ಬಡಿಸಲೇ ಇಲ್ವಲ್ಲ? ಕೇಳ್ತಿದಾನೆ ಪಾಪ."

"ಅಪ್ಪಾ, ಅವರು ಅವರೆಕಾಯಿ ಬಿಟ್ಟಿದಾರಲ್ಲ!"

"ಬಿಟ್ಟಿದಾನಾ? ಯಾಕೆ, ಹೊಟ್ಟೆಗೆ ಆಗಲ್ವಾ?"

"ಕಾಶೀಲಿ, ಅಪ್ಪಾ. ನೀವೂ ಅಲ್ಲೇ ಇದ್ರಿ."

"ಹೌದಾ?" ಎಂದರು ಮಾವನವರು. ಒಂದು ಗಳಿಗೆ ಯೋಚಿಸಿದರು. ನೆನಪಾಗಲಿಲ್ಲ. "ಇರಬಹುದು" ಎಂದು ಅನ್ನ ಕಲಸುವುದಕ್ಕೆ ಶುರುಮಾಡಿದರು.

ನೀವೇ ಹೇಳಿ. ಯಾವ ಕಣ್ಣು ಒದ್ದೆಯಾದದ್ದನ್ನು ನೆನೆಸಿಕೊಂಡು ನಾನು ಅಷ್ಟು ವರ್ಷ ಪಡವಲಕಾಯಿ ನುಂಗಿದೆನೋ, ಆ ಮನುಷ್ಯನಿಗೆ ಅದು ನೆನಪೇ ಇರಲಿಲ್ಲ. ನನ್ನ ಬೇಲಿಗೆ ಕಾವಲು ಕೂತಿದ್ದವನು ನಾನೊಬ್ಬನೇ. ಅಳಬೇಕೋ ನಗಬೇಕೋ ತಿಳಿಯದೆ ಕೂತಿದ್ದಾಗ ಪಕ್ಕದಿಂದ ನಂಜುಂಡಯ್ಯನ ದನಿ ಕೇಳಿಸಿತು.

"ಶಾಮಣ್ಣ, ನಿಜವಾಗ್ಲೂ ತಿಂತೀರಾ?"

ತಿರುಗಿದೆ. ಅವನು ಎಂಜಲುಗೈಯನ್ನು ಎಲೆಯ ಮೇಲೆ ಹಾಗೇ ಹಿಡಿದಿದ್ದ. ನನ್ನನ್ನು ಗೇಲಿ ಮಾಡುವ ಮುಖ ಅದಲ್ಲ.

"ತಿಂತೀನಿ" ಎಂದೆ.

"ನಿಮಗೆ ಪುಣ್ಯ ಬರುತ್ತೆ ಮಾರಾಯ್ರೇ! ಇಷ್ಟು ವರ್ಷದಿಂದ ಈ ಮನೇಲಿ ನಾನು ಎರಡನೇ ಸಲ ಹಾಕಿಸ್ಕೊಂಡ್ರೆ ಸಾಕು, 'ಶಾಮಣ್ಣನವರನ್ನ ನೋಡಿ ಕಲೀರಿ, ಅವರು ಅವರೆಕಾಯೇ ಬಿಟ್ಟು ಬಂದ್ರು, ನೀವು ಬಿಟ್ಟಿದ್ದು ಹಾಗಲಕಾಯಿ' ಅಂತಾಳೆ ಇವಳು. ಒಂದು ತುತ್ತು, ಒಂದೇ ಒಂದು ತುತ್ತು ನೆಮ್ಮದಿಯಾಗಿ ಇಳಿದಿಲ್ಲ ನನಗೆ. ನಿಮ್ಮ ಮುಖ ಕಂಡ್ರೆ ಹೇಗೆ ಹೊಟ್ಟೆ ಉರೀತಿತ್ತು ಅಂತೀರಿ! ಪಕ್ಕದಲ್ಲೇ ಕೂತ್ಕೊಂಡು ಆ ನಗು ಬೇರೆ ನಗ್ತಿದ್ರಿ. ಹಾಕೇ, ನಿಂತ್ಕೊಂಡು ನೋಡ್ತೀಯಲ್ಲ, ಧಾರಾಳವಾಗಿ ಹಾಕು ಅವರಿಗೆ!"

ಅವನ ಆ ತುತ್ತುಗಳನ್ನು ಒಂದೂ ಬಿಡದೆ ನೋಡಿದವನು ನಾನು. ಒಂದೊಂದೂ ಅಮೃತದ ಹಾಗೆ ಇಳಿಯುತ್ತಿದೆ ಎಂದು ತಿಳಿದು ಬೆಂದಿದ್ದೆ. ಅವನಿಗೆ ಅದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತಂತೆ. ಒಂದು ಕೊಳಗ ಹುಳಿಯನ್ನು ಇಬ್ಬರು ಗಂಡಸರು ಸೇರಿ ಇಷ್ಟು ವರ್ಷ ಹಾಳುಮಾಡಿದ್ದೆವು. ಅತ್ತಿಗೆ ಬಗ್ಗಿ ಬಡಿಸಿದರು. ಪಲ್ಯವನ್ನು ಎಲೆಯ ತುದಿಗೆ ಸರಿಸಿ ಕಲಸಿದೆ, ಬಾಯಿಗಿಟ್ಟೆ. ಹೇಗಿತ್ತು ಎಂದು ಬರೆಯುವ ಶಕ್ತಿ ನನಗಿಲ್ಲ. ಸೂರ್ಯ ಬಿದ್ದುಹೋಗಲಿಲ್ಲ, ಯಾರೂ ಎದ್ದುಹೋಗಲಿಲ್ಲ. ಮಾವನವರು "ಉಪ್ಪು ಒಂದು ಕಲ್ಲು ಕಡಿಮೆ ಅಲ್ವೇನಪ್ಪಾ ಶಾಮಣ್ಣ?" ಎಂದು ನನ್ನನ್ನೇ ಕೇಳಿದರು. ನಾನು ಹೌದೆಂದೆ. ನಂಜುಂಡಯ್ಯ "ಇಲ್ಲ, ಸರಿಯಾಗಿದೆ" ಎಂದ. ಅವನು ಹೇಳಿದ್ದೇ ಸರಿಯಾಗಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕೆ ಅವತ್ತು ನನಗೇನೂ ಕಷ್ಟವಾಗಲಿಲ್ಲ.

ಎರಡನೆಯ ಸಲ ಹಾಕಿಸಿಕೊಳ್ಳುವಾಗ ಜಾನಕಿ ತುಪ್ಪದ ಮಿಳ್ಳೆ ಹಿಡಿದು ಬಂದಳು. ನನ್ನ ಎಲೆಯ ಮುಂದೆ ಬಗ್ಗಿ, ಬೇಕಾದ್ದಕ್ಕಿಂತ ಒಂದು ಮಿಳ್ಳೆ ಹೆಚ್ಚಾಗಿಯೇ ತುಪ್ಪ ಹಾಕಿದಳು. ತಲೆಯೆತ್ತದೆ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು:

"ಅಂತೂ ಕಾಶಿಯಿಂದ ಮನೆಗೆ ಬಂದ್ರಿ."